ಹಿಡಿಯಲು ಬಂದವರಿಗೆ ಊಟ

ಇವತ್ತು ಕ್ವೀನ್ಸ್‌ಬರಿಯ ಭಾರತೀಯ ಅಂಗಡಿಯಲ್ಲಿ ಬೆಲ್ಲದಚ್ಚು ಮೂಸಿದ್ದೇ ತಡ, ಇಲ್ಫರ್ಡಿನ ನಮ್ಮ ಹಳೆಯ ಬಾಡಿಗೆ ಮನೆ ಕಣ್ಣೆದುರು ಬಂತು.

ನನಗಾಗ ಹನ್ನೆರಡು. ಚರ್ಚಿನಲ್ಲಿ ನಂಬಿಕೆ ದೃಢಪಡಿಸುವ ಕನ್ಫರ್ಮೇಶನ್‌ಗೆ ನಾನಿಟ್ಟುಕೊಳ್ಳಲು ಒಬ್ಬ ಸಂತರ ಹೆಸರು ಆರಿಸಿ, ಅವರ ಬಗ್ಗೆ ಒಂದು ಪುಟ ಬರೆಯಬೇಕಿತ್ತು. ಉಡುಪಿ ಕಡೆಯ ನನ್ನಮ್ಮ ಪೊಲಿಕಾರ್ಪ್ ಎಂದಳು. ಪ್ರಾಚೀನ ಸ್ಮಿರ್ನಾ ಪಟ್ಟಣದ ಮುದಿ ಬಿಷಪ್. ಕ್ರೈಸ್ತನೆಂದು ತನ್ನನ್ನು ಹಿಡಿದೊಯ್ಯಲು ಬಂದ ಸೈನಿಕರಿಗೆ ಊಟ ಹಾಕಿಸಿ, ಅಷ್ಟು ಹೊತ್ತು ಪ್ರಾರ್ಥನೆಗೆ ಬಿಡುವು ಕೇಳಿದವರು.

ಓಡಿಹೋಗಬೇಕಿತ್ತು, ಪೆದ್ದು ಮುದುಕ ಎಂದು ಇಂಗ್ಲಿಷಿನಲ್ಲಿ ರೇಗಿದೆ.

ಅದೇ ವಾರ ಮನೆ ಖಾಲಿ ಮಾಡಿಸುವ ನೋಟಿಸ್ ಹಿಡಿದು ಮಾಲೀಕರ ಕಡೆಯವನೊಬ್ಬ ಬಂದ. ಅಪ್ಪ ಡ್ಯೂಟಿಯಲ್ಲಿದ್ದರು. ಅಮ್ಮ ಅವನನ್ನು ಒಳಗೆ ಕರೆದು ಕೂರಿಸಿ, ಬೆಲ್ಲ ನೀರು ತಂದಳು. ಲೋಟವನ್ನು ಕೈಗೆ ಕೊಡದೆ ಟೇಬಲ್ಲಿನ ಮೇಲಿಟ್ಟಳು. ಆ ಗತ್ತು ನನಗೆ ಹಿಡಿಸಿತು, ಉಪಚಾರ ಹಿಡಿಸಲಿಲ್ಲ.

"ಇವನಿಗೆ ಯಾಕಮ್ಮ?" ಅವನಿಗೆ ತಿಳಿಯಬಾರದೆಂದು ಅವತ್ತು ಕನ್ನಡದಲ್ಲೇ ಕೇಳಿದೆ.

"ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸ್ಲಿಕ್ಕುಂಟಾ?"

ನಾನು ಕೋಣೆಗೆ ಓಡಿ, ಪುಟದಲ್ಲಿದ್ದ ಪೊಲಿಕಾರ್ಪ್ ಹೆಸರನ್ನು ಕಾಗದ ಹರಿಯುವಂತೆ ಗೀಚಿಹಾಕಿ, ಕತ್ತಿ ಹಿಡಿದು ಯುದ್ಧಕ್ಕೆ ಹೋದ ಸಂತ ಜೋನ್‌ಳ ಹೆಸರು ಬರೆದೆ. ಚರ್ಚಿನ ದಾಖಲೆಯಲ್ಲಿ ನಾನು ಇಂದಿಗೂ ಜೋನ್.

ಅಂಗಡಿಯಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ನೋಟಿಸಿನವನು ಬಂದ ದಿನ ನಿನಗೆ ಹೆದರಿಕೆಯೇ ಆಗಲಿಲ್ಲವಾ ಎಂದು ಕೇಳಿದೆ.

"ಆಗದೆ ಮತ್ತೆ? ಕೈ ನಡುಗ್ತಿತ್ತು ಮಾರಾಯ್ತಿ. ಅದಕ್ಕೇ ಲೋಟ ಟೇಬಲ್ಲಲ್ಲಿ ಇಟ್ಟದ್ದು."