ಎರಡು ಗಂಟಿನ ಡಬ್ಬಿ

ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಹಳೆಯ ಹಾಲಿನ ಪುಡಿಯ ಡಬ್ಬಿಯೊಂದು ಕೈಗೆ ಸಿಕ್ಕಿತು. ಮೇಲಿನ ಬಣ್ಣವೆಲ್ಲ ಹೋಗಿ ಬರೀ ತಗಡು ಉಳಿದಿತ್ತು. ಕತ್ತಿನ ಸುತ್ತ ಒಂದು ದಾರ, ಆ ದಾರದಲ್ಲಿ ಒತ್ತಿಗೊತ್ತಿಗೆ ಎರಡು ಗಂಟು. ಒಂದು ಕಾಲಕ್ಕೆ ಬಿಳಿಯಿದ್ದ ದಾರ ಈಗ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಗಂಟು ಮಾತ್ರ ಬಿಗಿಯಾಗಿಯೇ ಇತ್ತು.

ಶಿಕಾರಿಪುರದ ಈ ಮನೆಯ ಅಡುಗೆಮನೆ ಮೊದಲೇ ಚಿಕ್ಕದು. ಈ ಸಲ ಗೋಡೆಗೆ ಬಣ್ಣ ಬಳಿದು ಎಲ್ಲವನ್ನೂ ಹೊಸದಾಗಿ ಜೋಡಿಸಲೇಬೇಕು ಎಂದು ಮಗಳು ಹಟ ಹಿಡಿದಿದ್ದಳು. ಕಪಾಟು ಮಾಡಿಸುವ ತಾಕತ್ತು ನಮಗಿಲ್ಲ, ಇರುವುದರಲ್ಲೇ ಆಗಬೇಕು. ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆಯನ್ನೆಲ್ಲ ಅವಳು ಮೂರು ದಿನದಿಂದ ನಮ್ಮ ಗೋಡೆಗಳ ಮೇಲೆ ಪ್ರಯೋಗಿಸುತ್ತಿದ್ದಳು. ಡಬ್ಬಿ ನೋಡಿದವಳೇ, "ಅಮ್ಮಾ, ಇದು ಗುಜರಿಗೆ ತಾನೇ?" ಎಂದಳು. "ಇರಲಿ ಬಿಡು" ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ...

ಮದುವೆಯಾದ ಹೊಸದರಲ್ಲಿ ನಾವು ಸೊರಬದಲ್ಲಿದ್ದೆವು. ನಮ್ಮ ಯಜಮಾನರಿಗೆ ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ. ಸಾಲಾಗಿ ಐದು ಮನೆಗಳಿದ್ದ ವಠಾರದಲ್ಲಿ ನಮ್ಮದು ನಾಲ್ಕನೆಯದು. ಅಡುಗೆಮನೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಬಾಗಿಲಲ್ಲಿ ನಿಂತು ಮಾತಾಡಬೇಕು. ತವರಿನವರು ಮಾತ್ರ ಐವತ್ತು ಜನಕ್ಕೆ ಬಡಿಸುವಷ್ಟು ಪಾತ್ರೆ ಕೊಟ್ಟು ಕಳಿಸಿದ್ದರು. ಕೊಳಗದ ಮೇಲೆ ಕೊಪ್ಪರಿಗೆ, ಅದರ ಮೇಲೆ ಹರಿವಾಣ. ಸಾಸಿವೆ ಬೇಕೆಂದರೆ ಮೊದಲು ಅವನ್ನೆಲ್ಲ ಇಳಿಸಬೇಕಿತ್ತು. ಒಂದು ದಿನ ಆ ರಾಶಿ ಪೂರ್ತಿ ಕುಸಿದು ಬಿದ್ದ ಸದ್ದಿಗೆ ಐದನೇ ಮನೆಯ ದೊಡ್ಡಮ್ಮ ಬಂದರು.

ರಕ್ತಸಂಬಂಧವೇನೂ ಇಲ್ಲ. ವಠಾರದಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹುಡುಗರ ಹಾಸ್ಟೆಲೊಂದರಲ್ಲಿ ಬಹಳ ವರ್ಷ ಅಡುಗೆ ಮಾಡಿ ಬಿಟ್ಟವರು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ತಾಳಗುಂದದ ಕಡೆ ಕುರಿ ಸಾಕಿಕೊಂಡು, ಹೊಲ ಮಾಡಿಕೊಂಡಿದ್ದ ತಮ್ಮನೊಬ್ಬ ಇದ್ದ. "ನಮ್ಮ ಮನಿಗೆ ಬಂದುಬಿಡು" ಎಂದು ಅವನು ಕರೆಯುವುದು, ಇವರು "ಕೈಕಾಲು ಆಡೋ ತನಕ ನನ್ನ ಒಲೆ ನನಗಿರ್ಲಿ" ಎನ್ನುವುದು ವಠಾರಕ್ಕೆಲ್ಲ ಗೊತ್ತಿದ್ದ ಜಗಳ.

ಬಿದ್ದ ಪಾತ್ರೆಗಳ ನಡುವೆ ಕಾಲು ತೂರಿಸಿ ನಿಧಾನವಾಗಿ ಬಂದವರು ಹೊಸ್ತಿಲ ಮೇಲೆ ಕೂತರು. "ಏನೂ ಮುಟ್ಬೇಡ. ದಿನಾ ಹೆಂಗೆ ಮಾಡ್ತೀಯೋ ಹಂಗೇ ಅಡುಗೆ ಮಾಡು. ನಾನು ಇಲ್ಲೇ ಕೂತಿರ್ತೀನಿ" ಎಂದರು. ನಾನು ಸೀಮೆಎಣ್ಣೆ ಸ್ಟೌ ಹಚ್ಚಿ ಬೇಳೆಸಾರಿಗೆ ಇಟ್ಟೆ. ಅವರ ಮುಖ ಬೀದಿಯ ಕಡೆಗಿತ್ತು. ಇವರೇನು ನೋಡುತ್ತಾರೆ, ನನಗೇನು ಹೇಳುತ್ತಾರೆ ಎಂದುಕೊಂಡೆ. ಸಾರು ಇಳಿಸಿದ ಮೇಲೆ, "ಒಂದು ಸಾರು ಮಾಡಾಕೆ ಹನ್ನೊಂದು ಸಲ ಎದ್ಯಲ್ಲೇ! ನಾಕು ಸಲ ಮುಚ್ಚಳ ಕೆಡವಿದೆ. ಬೇಳೆ ಎಲ್ಲೈತೆ ಅಂತ ನಿಂಗೇ ಗೊತ್ತಿಲ್ಲ" ಎಂದರು. ತಿರುಗಿಯೂ ನೋಡದೆ ಲೆಕ್ಕ ಹಿಡಿದಿದ್ದರು. ಹಾಸ್ಟೆಲಿನ ಅನುಭವ ಎಂದುಕೊಂಡು ಬೆರಗಾದೆ.

ಆಮೇಲಿನ ವಾರ ಪೂರ್ತಿ ನನ್ನ ಅಡುಗೆಮನೆ ಅವರ ಕೈಯಲ್ಲಿತ್ತು. ಹೊಸದಾಗಿ ತಂದದ್ದೆಂದರೆ ಒಂದಿಷ್ಟು ಸುಣ್ಣ, ಚಿಟಿಕೆ ನೀಲಿ ಮತ್ತು ಮೊಳೆ. ಶಿರಾಳಕೊಪ್ಪದ ಸಂತೆಯಲ್ಲಿ ಬಿಸಾಕಿದ ಟೊಮೆಟೊ ಪೆಟ್ಟಿಗೆಗಳನ್ನು ಯಜಮಾನರು ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಅವನ್ನು ಮಗ್ಗುಲಾಗಿ ಗೋಡೆಗೆ ಹೊಡೆದರೆ ಅದೇ ಗೂಡು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಅಲ್ಲಲ್ಲಿ ಮೊಳೆ ಹೊಡೆದಾಗ ಸೌಟು, ಜಾಲರಿ, ಇಕ್ಕಳ ಎಲ್ಲ ಅದರಲ್ಲಿ ಸಿಕ್ಕಿಕೊಂಡು ನಿಂತವು. ತವರಿನ ಪಾತ್ರೆಗಳು ಒಂದರೊಳಗೊಂದು ಸೇರಿ, ಗೋಣಿಚೀಲ ಹೊಕ್ಕು ಅಟ್ಟಕ್ಕೆ ಹೋದವು. "ವರ್ಷಕ್ಕೆ ಎರಡು ಸಲ ಬೇಕಾಗೋ ಸಾಮಾನು ದಿನಾ ಯಾಕೆ ಕಾಲಿಗೆ ತಾಗ್ಬೇಕು?" ಎಂದರು.

ಕೊನೆಗೆ ನನ್ನನ್ನು ಸ್ಟೌ ಮುಂದೆ ಕೂರಿಸಿದರು. "ಕಣ್ಣು ಮುಚ್ಚು. ಉಪ್ಪು ಬೇಕು ಅಂದ್ಕೊಂಡು ಕೈ ಚಾಚು" ಎಂದರು. ಚಾಚಿದೆ. ಕೈ ಎಲ್ಲಿಗೆ ಹೋಯಿತೋ ಅಲ್ಲಿ ಉಪ್ಪಿನ ಡಬ್ಬಿ ಬಂತು. ಸಾಸಿವೆ, ಬೇಳೆ, ಇಕ್ಕಳ, ಎಲ್ಲಕ್ಕೂ ಹಾಗೆಯೇ ಜಾಗ ಗೊತ್ತಾಯಿತು. ಅದನ್ನೊಂದು ಜಾಣತನದ ಆಟ ಎಂದೇ ತಿಳಿದೆ. ನಗುತ್ತಾ ಕಣ್ಣು ಮುಚ್ಚಿ ಕೂತಿದ್ದ ನನ್ನ ಎದುರಿಗೆ ಕೂತವರು ಕಣ್ಣು ತೆರೆದೇ ಅದೇ ಆಟ ಆಡುತ್ತಿದ್ದಾರೆ ಎಂದು ಹೊಳೆಯಲೇ ಇಲ್ಲ.

ಅವರ ಅಡುಗೆಮನೆಗೂ ನಾನು ಹೋಗಿದ್ದೆ. ಜಾಗ ನಮ್ಮದರಷ್ಟೇ. ಹಾಸ್ಟೆಲಿನಿಂದ ಬರುವಾಗ ತಂದಿದ್ದ ಹಾಲಿನ ಪುಡಿಯ ಡಬ್ಬಿಗಳು, ಎಲ್ಲವೂ ಒಂದೇ ಅಳತೆಯವು, ಸಾಲಾಗಿ ಕೂತಿದ್ದವು. ಪ್ರತಿಯೊಂದರ ಕತ್ತಿಗೂ ಜಿಡ್ಡು ಹಿಡಿದ ದಾರ, ಅದರಲ್ಲಿ ಗಂಟುಗಳು. ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ನನ್ನ ಅಡುಗೆಮನೆಯನ್ನು ಅಷ್ಟು ಚಂದ ಮಾಡಿಕೊಟ್ಟವರು ತಮ್ಮದನ್ನು ಯಾಕೆ ಹೀಗೆ ಬಿಟ್ಟಿದ್ದಾರೆ ಎಂದು ಸಂಕಟವಾಗುತ್ತಿತ್ತು. ವಯಸ್ಸಾಯಿತು, ಕೈಲಾಗುವುದಿಲ್ಲ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಮಾರನೇ ವರ್ಷ ತಮ್ಮನ ಮನೆಯಲ್ಲಿ ಮದುವೆ ಎಂದು ಅವರು ಹದಿನೈದು ದಿನಕ್ಕೆ ಹೊರಟರು. ಬೀಗದ ಕೈ ನನಗೆ ಕೊಟ್ಟರು, ಬೆಕ್ಕಿಗೆ ಹಾಲು ಹಾಕಬೇಕಿತ್ತು. "ಈ ಸಲ ಅವನು ಸುಮ್ನೆ ಬಿಡಲ್ಲ ಕಣೇ. ಅದ್ಕೇ ಬರುವಾಗ ಅವನ್ನೂ ಕರ್ಕೊಂಡು ಬರ್ತೀನಿ. ನಾನು ಇಲ್ಲಿ ಹೆಂಗಿದೀನಿ ಅಂತ ಕಣ್ಣಾರೆ ನೋಡ್ಲಿ. ನನ್ನ ಕೈಯಾಗೆ ಒಂದು ಲೋಟ ಟೀ ಕುಡಿಸಿ ಕಳಿಸಿದ್ರೆ ಮತ್ತೆ ಬಾಯಿ ಬಿಡಲ್ಲ" ಎಂದರು.

ಆ ಮಾತು ಕೇಳಿದ ಮೇಲೆ ನನ್ನ ಉತ್ಸಾಹ ಹೇಳತೀರದು. ತಮ್ಮ ಬಂದು ನೋಡುವಾಗ ಆ ಕರಿ ಗೋಡೆ, ಆ ಜಿಡ್ಡು ಡಬ್ಬಿ ಕಂಡರೆ ಏನೆಂದುಕೊಂಡಾನು? ಅಕ್ಕನ ಕೈಲಿ ಇನ್ನಾಗುವುದಿಲ್ಲ ಎಂದೇ ಅಲ್ಲವೇ? ಗಂಡಹೆಂಡತಿ ಇಬ್ಬರೂ ಸೇರಿ ಸುಣ್ಣ ಹೊಡೆದೆವು. ನನ್ನದೊಂದು ಹಳೆಯ ಸೀರೆ ಸ್ಟೌ ಪಕ್ಕದ ಗೂಡಿಗೆ ಪರದೆಯಾಯಿತು. ಡಬ್ಬಿಗಳನ್ನೆಲ್ಲ ಖಾಲಿ ಮಾಡಿ, ಸೋಪು ಹಾಕಿ ತಿಕ್ಕಿ, ಬಿಸಿಲಿಗೆ ಇಟ್ಟೆ. ದಾರಗಳು ಬಿಚ್ಚಲು ಬರಲಿಲ್ಲ, ಕತ್ತರಿ ಹಾಕಿದೆ. ಡಬ್ಬಿಗೊಂದು ಚೀಟಿ ಅಂಟಿಸಿ ಉಪ್ಪು, ಸಕ್ಕರೆ, ಟೀಪುಡಿ ಎಂದು ದುಂಡಗೆ ಬರೆದೆ. ಅವರು ಡಬ್ಬಿಯೊಳಗೆ ಕೈಯನ್ನೇ ಹಾಕುತ್ತಿದ್ದದ್ದು ನೋಡಿದ್ದೆ. ಅದೂ ಸರಿಯಲ್ಲ ಎನಿಸಿ ಪ್ರತಿ ಡಬ್ಬಿಯೊಳಗೂ ಒಂದೊಂದು ಚಮಚ ಇಟ್ಟೆ. ಸಾಲಿನಲ್ಲಿ ಯಾವುದು ಎಲ್ಲಿತ್ತೋ ನೆನಪಿರಲಿಲ್ಲ, ಚಂದ ಕಂಡಂತೆ ಜೋಡಿಸಿದೆ. ಎಡಗಡೆ ಟ್ಯೂಬಿನ ಪಟ್ಟಿಯಲ್ಲಿ ನೇತಾಡುತ್ತಿದ್ದ ಇಕ್ಕಳವನ್ನು ಬಲಗಡೆಗೆ ಹಾಕಿದೆ.

ಅವರು ಬಂದ ದಿನ ಮಧ್ಯಾಹ್ನ ನಾನು ಬಾಗಿಲಲ್ಲೇ ಕಾದಿದ್ದೆ. ಹೊಸ್ತಿಲಿಗೆ ಬರುತ್ತಲೇ ಮೂಗು ಅರಳಿಸಿ, "ಸುಣ್ಣ ಹೊಡೆದ್ಯಾ?" ಎಂದರು. ಒಳಗೆ ಹೋಗಿ ಡಬ್ಬಿಗಳ ಸಾಲಿನ ಮೇಲೆ ಕೈಯಾಡಿಸಿದರು. ಮೊದಲನೆಯ ಡಬ್ಬಿಯ ಕತ್ತು, ಎರಡನೆಯದು, ಮೂರನೆಯದು... ಬೆರಳು ಅಲ್ಲಿಗೇ ನಿಂತಿತು.

"ದಾರ ಎಲ್ಲಿ?"

"ಎಲ್ಲಾ ಕತ್ತರಿಸಿ ಬಿಸಾಕ್ದೆ ದೊಡ್ಡಮ್ಮ. ಎಷ್ಟು ಜಿಡ್ಡಾಗಿದ್ವು! ಈಗ ಹೆಸರು ಬರ್ದಿದೀನಿ ನೋಡಿ" ಎಂದೆ.

ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ, "ಒಳ್ಳೇದಾಯ್ತು ಬಿಡು" ಎಂದರು.

ತಮ್ಮ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿದ್ದ. ಅಲ್ಲಿಂದ ಅಡುಗೆಮನೆ ಪೂರ್ತಿ ಕಾಣುತ್ತಿತ್ತು. ಪ್ರಯಾಣ ಮಾಡಿ ದಣಿದಿದ್ದಾರಲ್ಲ ಎಂದು, "ಟೀ ನಾನು ಮಾಡ್ಲಾ?" ಎಂದೆ. "ಬ್ಯಾಡವ್ವ, ನಮ್ಮಕ್ಕನೇ ಮಾಡ್ಲಿ. ಅಕ್ಕನ ಕೈಯಾಗಿನ ಚಾ ಕುಡಿಯಾಕಂತನೇ ಬಂದೀನಿ" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅಕ್ಕ ಗೆದ್ದರೆ ಅವನಿಗೂ ಸಂತೋಷವಾಗುತ್ತಿತ್ತೇನೋ.

ಟೀಪುಡಿ ಸಿಕ್ಕಿತು, ಎರಡು ಡಬ್ಬಿ ತೆಗೆದು ಮೂಸಿದ ಮೇಲೆ. ಉಪ್ಪಿಗೂ ಸಕ್ಕರೆಗೂ ವಾಸನೆ ಇಲ್ಲ. ಒಂದು ಡಬ್ಬಿ ಅಲ್ಲಾಡಿಸಿದರು, ಮತ್ತೊಂದು ಅಲ್ಲಾಡಿಸಿದರು. ಬೆರಳು ಹಾಕಿದ್ದರೆ ತಿಳಿಯುತ್ತಿತ್ತು. ತಮ್ಮ ನೋಡುತ್ತಿದ್ದ. ಯಾವ ಡಬ್ಬಿ ಎಂದು ನನ್ನನ್ನು ಕೇಳುವ ಹಾಗೂ ಇರಲಿಲ್ಲ. ಒಳಗೆ ಚಮಚ ಇತ್ತಲ್ಲ, ಎತ್ತಿ ಮೂರು ಚಮಚ ಹಾಕಿದರು. ಟೀ ಉಕ್ಕುವ ಸದ್ದಿಗೆ ಎಡಗೈ ಗೋಡೆಯ ಕಡೆಗೆ ಹೋಯಿತು. ಇಕ್ಕಳ ಅಲ್ಲಿರಲಿಲ್ಲ. ಖಾಲಿ ಟ್ಯೂಬಿನ ಪಟ್ಟಿಯನ್ನು ಸವರಿ ಸವರಿ ಆ ಕೈ ಸುಣ್ಣದ ಗೋಡೆಯ ಮೇಲೆ ಅಲೆದದ್ದು ಈಗಲೂ ಕಣ್ಣ ಮುಂದಿದೆ. ನನಗೆ ಆಗ ಅರ್ಥವಾಯಿತು. ಎದ್ದು ಇಕ್ಕಳ ಕೊಟ್ಟೆ. ಅಷ್ಟರಲ್ಲಿ ಅರ್ಧ ಟೀ ಉಕ್ಕಿ ಸ್ಟೌ ಆರಿಹೋಗಿತ್ತು.

ಉಳಿದದ್ದನ್ನು ಮೂರು ಲೋಟಕ್ಕೆ ಹಂಚಿದರು. ತಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಅಕ್ಕಾ, ಎಷ್ಟು ದಿನದಿಂದ ಕಣ್ಣು ಕಾಣವಲ್ದು?"

"ಎರಡು ವರ್ಷ ಆತು" ಎಂದರು ದೊಡ್ಡಮ್ಮ. ಅಷ್ಟು ದಿನದಲ್ಲಿ ಅವರ ಬಾಯಲ್ಲಿ ತಮ್ಮನ ಹಾಗೆ ತವರೂರಿನ "ಆತು" ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ನನ್ನ ಲೋಟದ ಉಪ್ಪು ಟೀಯನ್ನು ಪೂರ್ತಿ ಕುಡಿದೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮಾರನೇ ದಿನವೇ ಅವರು ಮನೆ ಖಾಲಿ ಮಾಡಿದರು. ಡಬ್ಬಿಗಳು ನನ್ನ ಬಳಿ ಉಳಿದವು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಬೆಕ್ಕು ನೋಡ್ಕೋ" ಎಂದರು. ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ಬಾಯಿ ಬರಲು ವರ್ಷವೇ ಬೇಕಾಯಿತು. ಡಬ್ಬಿಗಳಿಗೆ ಹೊಸ ದಾರ ಕಟ್ಟಿ, ತೋಚಿದ ಹಾಗೆ ಗಂಟು ಹಾಕಿ, ಚೀಲದಲ್ಲಿ ತುಂಬಿಕೊಂಡು ತಾಳಗುಂದದ ಹತ್ತಿರದ ಆ ಊರಿಗೆ ಹೋದೆ. ಮೆಕ್ಕೆಜೋಳ ಹರವಿದ ಅಂಗಳ, ಒಂದು ಮಗ್ಗುಲಿಗೆ ಕುರಿ ಹಟ್ಟಿ. ದೊಡ್ಡಮ್ಮ ಕಟ್ಟೆಯ ಮೇಲೆ ಕೂತು ತೆನೆ ಬಿಡಿಸುತ್ತಿದ್ದರು. ಸೀರೆ ಶುಭ್ರವಾಗಿತ್ತು, ಮೈ ತುಂಬಿಕೊಂಡಿತ್ತು. ತಮ್ಮನ ಹೆಂಡತಿ ಒಳ್ಳೆಯ ಹೆಂಗಸು. "ಒಲಿ ಹತ್ರ ಮಾತ್ರ ಬಿಡಂಗಿಲ್ರೀ. ಸುಟ್ಕಂಡ್ರೆ ಯಾರು ಹೊಣೆ?" ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಡಬ್ಬಿಗಳನ್ನು ಮಡಿಲಿಗೆ ಇಟ್ಟೆ. ಒಂದೊಂದರ ಕತ್ತನ್ನೂ ಸವರಿ ದೊಡ್ಡಮ್ಮ ನಕ್ಕರು. "ಏಳು ಗಂಟು ಹಾಕಿದೀಯಲ್ಲೇ, ಏಳರಾಗೆ ಏನಿಡ್ತೀಯ? ಒಂದು ಗಂಟು ಉಪ್ಪು. ಎರಡು ಸಕ್ಕರೆ. ಮೂರು ಸಾಸಿವೆ. ನಾಕು ಬೇಳೆ. ಟೀಪುಡಿಗೆ ಗಂಟೇ ಬ್ಯಾಡ, ವಾಸ್ನೆ ಬರ್ತೈತೆ" ಎಂದರು. ಪಾಠ ಒಪ್ಪಿಸುವ ಮಗುವಿನಂತೆ ನಾನೂ ಹಿಂದೆಯೇ ಹೇಳಿದೆ. ಆಮೇಲೆ ಹೇಗೋ, "ನಿಮ್ಮ ಮನೆ ನಾನೇ ಕೆಡಿಸಿಬಿಟ್ಟೆ ದೊಡ್ಡಮ್ಮ" ಎಂದೆ.

ಇಲ್ಲ ಎಂದು ಅವರು ಹೇಳಲಿಲ್ಲ. "ನಾನಾದ್ರೂ ಹೇಳ್ಬೇಕಿತ್ತು. ಹೇಳಿದ್ರೆ ನೀನು ನಿಮ್ಮನೆಯೋರ ಹತ್ರ ಹೇಳ್ತಿದ್ದೆ, ಅದು ವಠಾರಕ್ಕೆಲ್ಲ ಆಗಿ ಇವನ ಕಿವಿಗೂ ಬೀಳ್ತಿತ್ತು" ಎಂದರು. ಒಂದು ಡಬ್ಬಿಯ ದಾರ ಬಿಚ್ಚಿ, ತಾವೇ ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿ ನನ್ನ ಕೈಗೆ ಕೊಟ್ಟರು. "ಇದೊಂದು ನೀನಿಟ್ಕೋ. ಉಳಿದದ್ದು ಇಲ್ಲಿ ಕಾಳಿಗೆ ಆಗ್ತಾವೆ. ನನಗೆ ಡಬ್ಬಿ ತಗಂಡು ಇಲ್ಲೇನು ಕೆಲ್ಸ?"

ಮತ್ತೆ ನಾನು ಹೋಗಲಿಲ್ಲ. ಹೋಗಬಹುದಿತ್ತು, ಬಸ್ಸುಗಳಿದ್ದವು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಆರೇಳು ತಿಂಗಳ ಮೇಲೆ, ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವರ ತಮ್ಮ ಸಿಕ್ಕಾಗ. ಕೊನೆಕೊನೆಗೆ ಕೂತಲ್ಲೇ ಕೈ ಚಾಚಿ ಗಾಳಿಯಲ್ಲಿ ಏನನ್ನೋ ತೆಗೆಯುತ್ತಿದ್ದರಂತೆ, ಇಡುತ್ತಿದ್ದರಂತೆ. "ಏನು ಹುಡುಕ್ತಿದ್ಲೋ ಏನೋ" ಎಂದ ಅವನು. ನನಗೆ ಗೊತ್ತಿತ್ತು.

ನಿನ್ನೆ ಸಂಜೆಯ ಹೊತ್ತಿಗೆ ನಮ್ಮ ಅಡುಗೆಮನೆಯ ಕೆಲಸ ಮುಗಿಯಿತು. ತಿಳಿಹಸಿರು ಗೋಡೆ, ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಗಳು, ಮಗಳ ಅಕ್ಷರದ ಚೀಟಿಗಳು. ಚಂದವಾಗಿಯೇ ಇದೆ. ಅವಳು ಕೈ ತೊಳೆಯಲು ಹೋದಾಗ ನಾನು ಒಲೆಯ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಚಾಚಿದೆ. ಕೈ ಹೋದ ಜಾಗದಲ್ಲಿದ್ದ ಹೊಸ ಡಬ್ಬಿ ತೆಗೆದು ಪಕ್ಕಕ್ಕಿಟ್ಟು, ಈ ಹಳೆಯದನ್ನು ಅಲ್ಲಿಟ್ಟು ಸಕ್ಕರೆ ಸುರಿದೆ. ಮಗಳು ಬಂದು ನೋಡಿ, ಹೋಗಲಿ ಎಂದು ಅದಕ್ಕೂ ಒಂದು ಚಮಚ ತಂದಳು.

"ಬೇಡ" ಎಂದೆ. ಚಮಚ ಇಡಲಿಲ್ಲ.