ಕೊಕ್ಕರೆ ಹೇಳಿದ ಚಾಡಿ

ಬೆಳುಗುಪ್ಪದ ಕಡೆಯ ಒಂದು ಕೆರೆಗೆ, ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯೊಬ್ಬರು ಇದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಬೆಳಿಗ್ಗೆ ತೂಬಿನ ಮೇಲೆ ನಿಂತು ಟವೆಲ್ ಕೊಡವಿ, ನೀರಿನಲ್ಲಿದ್ದ ಕೊಕ್ಕರೆ, ಬೆಳ್ಳಕ್ಕಿಗಳನ್ನೆಲ್ಲ "ಊಟ ಆತೇನ್ರಿ?" ಎಂದು ಬಹುವಚನದಲ್ಲೇ ವಿಚಾರಿಸುತ್ತಿದ್ದರು. ಆಮೇಲೆ ಅದೇ ಪ್ರಶ್ನೆ ನನಗೆ.

ಹಕ್ಕಿಗಳ ಊಟ ಪತ್ತೆಹಚ್ಚುವುದೇ ನನ್ನ ಕೆಲಸವಾಗಿತ್ತು. ಒಂದೇ ಕೆರೆಯಲ್ಲಿ ಇಷ್ಟೊಂದು ಜಾತಿಗಳು ಜಗಳವಿಲ್ಲದೆ ಹೇಗೆ ಉಣ್ಣುತ್ತವೆ ಎಂದು ತಿಳಿಯಲು ಅವುಗಳ ಹಿಕ್ಕೆ ಆಯ್ದು ಡಿಎನ್‌ಎ ಪರೀಕ್ಷೆಗೆ ಕಳಿಸುತ್ತಿದ್ದೆ. ಹಿಕ್ಕೆ ಬಿದ್ದ ಕಲ್ಲುಗಳನ್ನು ಅವರೇ ತೋರಿಸುತ್ತಿದ್ದರು, ಮೂಗು ಮುಚ್ಚದೆ.

ವರದಿ ಬಂತು. ಬೆಳ್ಳಕ್ಕಿ ತಿಂದದ್ದು ಕಪ್ಪೆ, ಮಿಡತೆ. ಕೊಕ್ಕರೆ ತಿಂದದ್ದು ಕೆರೆಮೀನು. ಆದರೆ ಒಂದು ಕೊಕ್ಕರೆಯ ಹಿಕ್ಕೆಯಲ್ಲಿ ಬಂಗುಡೆ! ಸಮುದ್ರದ ಮೀನು ಇಲ್ಲಿಗೆಲ್ಲಿಂದ ಬರಬೇಕು? ಮಾದರಿಗಳು ಕಲಬೆರಕೆಯಾಗಿದ್ದರೆ ಇಡೀ ವರ್ಷದ ದುಡಿಮೆ ನೀರುಪಾಲು. ಲ್ಯಾಬಿನವರೊಡನೆ ಫೋನಿನಲ್ಲಿ ಜಗಳವಾಡಿ, ಕೆರೆಗೆ ಹೋಗಿ ನೀರುಗಂಟಿಯವರೆದುರೂ ಗೊಣಗಿದೆ.

ಅವರು ಲಿಂಗಕ್ಕೆ ಕೇಳಿಸಬಾರದೆಂಬಂತೆ ಅದನ್ನು ಟವೆಲಿನಿಂದ ಮುಚ್ಚಿ, ಮೆಲ್ಲಗೆ ಹೇಳಿದರು: "ಲ್ಯಾಬಿನೋರನ್ನ ಬೈಬ್ಯಾಡ್ರಿ. ಒಂದು ಕೊಕ್ಕರಿ ರೆಕ್ಕಿಗೆ ಪೆಟ್ಟಾಗಿ ಕುಂತಿತ್ತು. ರಾಯದುರ್ಗದ ಸಂತ್ಯಾಗ ಒಣಮೀನ ತಂದು, ನೆನಸಿ ಹಾಕೀನ್ರಿ. ಮನ್ಯಾಗ ಗೊತ್ತಿಲ್ಲ."

ನಾನು ನಕ್ಕುಬಿಟ್ಟೆ. ಅವರು ಮಾತ್ರ ಕೊಕ್ಕರೆಗಳತ್ತ ತಿರುಗಿ ಮುನಿಸಿಕೊಂಡರು: "ದಿನಾ ಊಟ ಆತೇನ್ರಿ ಅಂತ ಕೇಳ್ತೀನಿ, ನನಗ ಒಂದು ಮಾತು ಹೇಳಲಿಲ್ಲ. ಇವರಿಗೆ ಎಲ್ಲಾ ಹೇಳಿಬಿಟ್ಟೀರಲ್ರಿ!"