ದಪ್ಪ ಫೈಲುಗಳ ಒಲಿಂಪಿಯಾ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಅಂಬಾಟೊ ನಗರದ ಸರ್ಕಾರಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಒಲಿಂಪಿಯಾ ಚಿಕೈಸಾ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತಿದ್ದಾರೆ. ಬಾಯಲ್ಲಿ ಪೆನ್ಸಿಲ್, ಎಡಗೈಯಲ್ಲಿ ಆ ದಿನದ ರೋಗಿಗಳ ಪಟ್ಟಿ. ಬಲಗೈ ರಟ್ಟಿನ ಬೆನ್ನುಗಳ ಮೇಲೆ ಓಡಿ, ಬೇಕಾದ ಕಡೆ ನಿಂತು, ಒಂದೇ ಎಳೆತಕ್ಕೆ ಫೈಲನ್ನು ಈಚೆ ತೆಗೆಯುತ್ತದೆ. ಹೊರಗೆ ಇನ್ನೂ ಮಬ್ಬುಗತ್ತಲು. ಟೋಕನ್ನಿಗಾಗಿ ಕಂಬಳಿ ಹೊದ್ದು ನಿಂತವರ ಸಾಲು ಗೇಟಿನಿಂದ ಮೂಲೆಯಲ್ಲಿ ಮೊರೋಚೊ ಎಂಬ ಜೋಳದ ಪಾಯಸ ಮಾರುವ ಗಾಡಿಯವರೆಗೂ ಬೆಳೆದಿದೆ. ಬಿಸಿ ಹಾಲು, ಬೆಂದ ಜೋಳ, ಚಕ್ಕೆಯ ವಾಸನೆ ಕಿಟಕಿಯ ಸಂದಿಯಿಂದ ಕೆಳಗಿಳಿಯುತ್ತದೆ.

ಏಳು ಗಂಟೆಯೊಳಗೆ ನಾನೂರ ಹನ್ನೆರಡು ಫೈಲು ತೆಗೆದು, ವಿಭಾಗಕ್ಕೆ ತಕ್ಕಂತೆ ಜೋಡಿಸಿ, ತಳ್ಳುಗಾಡಿಯಲ್ಲಿ ಮೇಲಕ್ಕೆ ಕಳಿಸಬೇಕು. ಲಿಫ್ಟ್ ಕೆಟ್ಟ ದಿನ ಇಳಿಜಾರಿನಲ್ಲಿ ತಾವೇ ತಳ್ಳಿಕೊಂಡು ಹೋಗಬೇಕು. ಅದು ವಾರಕ್ಕೆ ಎರಡು ಸಲವಾದರೂ ಕೆಡುತ್ತದೆ.

ನಡುವೆ ಒಂದು ಫೈಲು ಅವರ ಕೈಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ. ಹೆಬ್ಬೆರಳಿನಷ್ಟು ದಪ್ಪ. ಹೊಟ್ಟೆಯ ವಿಭಾಗ, ಮೂಳೆಯ ವಿಭಾಗ, ನರರೋಗ, ಮತ್ತೆ ಹೊಟ್ಟೆ. ಹದಿಮೂರು ತಿಂಗಳಲ್ಲಿ ಹನ್ನೊಂದು ಭೇಟಿ. ಒಲಿಂಪಿಯಾ ಅದಕ್ಕೊಂದು ಹಳದಿ ಚೀಟಿ ಸಿಕ್ಕಿಸಿ ಗಾಡಿಗೆ ಹಾಕುತ್ತಾರೆ. ಸಂಜೆ ವಾಪಸ್ ಬಂದಾಗ ಆ ಫೈಲು ಕಪಾಟಿಗೆ ಹೋಗದೆ ಅವರ ಮೇಜಿನ ಮೇಲೆ ಉಳಿಯಬೇಕು.

"ದಪ್ಪ ಫೈಲು ಅಂದ್ರೆ ಎರಡೇ ಅರ್ಥ," ಎನ್ನುತ್ತಾರೆ ಏಣಿ ಇಳಿಯುತ್ತ. "ಒಂದೋ ಈ ಮನುಷ್ಯಂಗೆ ಏನಾಗಿದೆ ಅಂತ ಎಲ್ರಿಗೂ ಗೊತ್ತು, ಇಲ್ಲಾಂದ್ರೆ ಯಾರಿಗೂ ಗೊತ್ತಿಲ್ಲ. ಆ ಎರಡನೇ ಥರದ್ದು ನನ್ನ ಮೇಜಿಗೆ ಬರುತ್ತೆ."

ಅವರಿಗೆ ಐವತ್ತೊಂಬತ್ತು. ಇದೇ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದವರು. ಆರನೇ ತರಗತಿಗೆ ಶಾಲೆ ಬಿಟ್ಟ ಮಗಳು ಚರ್ಮ ಕತ್ತರಿಸುತ್ತ ಬೆಳೆದು, ನೆಲ ಒರೆಸುವ ಕೆಲಸಕ್ಕೆ ಇಲ್ಲಿಗೆ ಸೇರಿದರು. ನಾಲ್ಕು ವರ್ಷದ ನಂತರ ದಾಖಲೆ ಕೋಣೆಯ ಹಳೆಯ ಗುಮಾಸ್ತರಿಗೆ ಮಂಡಿನೋವು ಬಂದು ಏಣಿ ಹತ್ತಲಾಗಲಿಲ್ಲ. ಯಾರಾದರೂ ಹತ್ತಬೇಕಲ್ಲ ಎಂದು ಇವರನ್ನು ಕಳಿಸಿದರು. ಆಮೇಲೆ ಯಾರೂ ವಾಪಸ್ ಕರೆಯಲಿಲ್ಲ.

ಆ ಕೋಣೆಗೆ ಬಂದ ಮೊದಲ ವಾರದಲ್ಲೇ ಅವರು ಒಂದು ಫೈಲು ಹುಡುಕಿದರು. ಅದು ಅವರ ತಾಯಿಯದು. ತಾಯಿಗೆ ಹತ್ತೊಂಬತ್ತು ವರ್ಷ ಮೈಯೆಲ್ಲ ಉರಿ, ಹೊಟ್ಟೆಯಲ್ಲಿ ಗಂಟು ಬಿಗಿದಂತೆ ನೋವು. ಪಿತ್ತಕೋಶ ತೆಗೆದರು, ಗರ್ಭಕೋಶ ತೆಗೆದರು. ನೋವು ಮಾತ್ರ ಕದಲಲಿಲ್ಲ. ಕೊನೆಗೆ ಡಾಕ್ಟರುಗಳು ಊರಿನವರೆಲ್ಲ ಹೇಳುವುದನ್ನೇ ಹೇಳಿದರು: ಏನೂ ಇಲ್ಲ, ನರದ ಕಾಟ, ಮನೆಗೆ ಹೋಗಿ.

"ನಮ್ಮಮ್ಮ ಏನೇ ಹೇಳಿದ್ರೂ ತಡಕೊಳ್ತಿದ್ಲು. 'ಏನೂ ಇಲ್ಲ' ಅಂದ್ರೆ ಮಾತ್ರ ಅಳೋಳು. ಏನಾದ್ರೂ ಇದ್ದಿದ್ರೆ ಔಷಧಿ ಕೊಡ್ತಿದ್ರಲ್ಲ, ಏನೂ ಇಲ್ದೇ ಇರೋದಕ್ಕೆ ಯಾರು ಕೊಡ್ತಾರೆ ಅನ್ನೋಳು."

ತಾಯಿ ತೀರಿಕೊಂಡಾಗಲೂ ಆ ನೋವಿಗೆ ಹೆಸರಿರಲಿಲ್ಲ. ಮಗಳು ಫೈಲು ತೆಗೆದು ಕೊನೆಯಿಂದ ಹಿಂದಕ್ಕೆ ತಿರುವುತ್ತ ಹೋದರು. ಮೊದಲ ಭೇಟಿಯ ತಾರೀಕು, ಒಲಿಂಪಿಯಾರ ತಮ್ಮ ನಾಯಿಕೆಮ್ಮಿನಿಂದ ಸತ್ತು ನಲವತ್ತು ದಿನಕ್ಕೆ ಸರಿಯಾಗಿತ್ತು. ಕೂಸಿಗೆ ಏಳು ತಿಂಗಳು. ಇನ್ನೂರ ಆರು ಹಾಳೆಗಳ ಆ ಫೈಲಿನಲ್ಲಿ ಆ ಕೂಸಿನ ಸುದ್ದಿ ಒಂದು ಕಡೆಯೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ತಾಯಿ ಹೇಳಿರಲಿಲ್ಲ.

ಅಂದಿನಿಂದ ದಪ್ಪ ಫೈಲು ಕಂಡರೆ ಮೊದಲ ಹಾಳೆ ನೋಡುವುದು ರೂಢಿಯಾಯಿತು. ಬಹಳ ವರ್ಷ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ನೋಡಿದ್ದನ್ನು ಹೇಳಲು ಅವರಿಗೆ ಅಲ್ಲಿ ಯಾರೂ ಇರಲಿಲ್ಲ.

ಹದಿಮೂರು ವರ್ಷದ ಹಿಂದೆ ಆಸ್ಪತ್ರೆಗೆ ಮೊದಲ ಸೈಕಾಲಜಿಸ್ಟ್ ಬಂದರು. ನಾರ್ಸಿಸಾ ವಿಯಾಕ್ರೆಸ್, ಆಗ ಇಪ್ಪತ್ತಾರರ ವಯಸ್ಸು. ಮೇಲೆ ಕೋಣೆ ಖಾಲಿ ಇಲ್ಲವೆಂದು ನೆಲಮಾಳಿಗೆಯಲ್ಲಿ, ದಾಖಲೆ ಕೋಣೆಯ ಎದುರಿಗೆ, ಹಳೆಯ ಇಸ್ತ್ರಿ ಕೋಣೆ ಕೊಟ್ಟರು. ತಿಂಗಳು ಕಳೆದರೂ ಯಾವ ಡಾಕ್ಟರೂ ರೋಗಿಗಳನ್ನು ಕಳಿಸಲಿಲ್ಲ.

"ದೊನ್ಯಾ ಒಲಿಂಪಿಯಾ, ಕೂತು ಕೂತು ಸಾಕಾಯ್ತು. ನೀವಾದ್ರೂ ಹುಚ್ಚಿ ಆಗಬಾರದಾ?" ಎಂದು ನಾರ್ಸಿಸಾ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದರಂತೆ. ದೊನ್ಯಾ ಅಂದರೆ ಅಲ್ಲಿ ಅಮ್ಮಾವ್ರೆ ಎಂದ ಹಾಗೆ.

"ನಾನೇ ಹುಚ್ಚಿ ಆದ್ರೆ ನಿಮಗೆ ಫೈಲು ಹುಡುಕಿ ಕೊಡೋರು ಯಾರು, ಡಾಕ್ಟರಮ್ಮ?"

ಹೀಗೆ ಶುರುವಾದ ಸ್ನೇಹಕ್ಕೆ ಕೆಲಸ ಕೊಟ್ಟವರು ಎಫ್ರೈನ್ ಮಾಸಾಕಿಸಾ. ಬಾನ್ಯೋಸ್ ದಾರಿಯ ಬಸ್ ಡ್ರೈವರ್. ಆಗ ನಲವತ್ತೊಂದು ವರ್ಷ, ಗೂಳಿಯಂಥ ಮೈಕಟ್ಟು. ತಮ್ಮ ಕಥೆ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. "ಹೆಸರು ಹಾಕಿ, ನನಗೇನೂ ನಾಚಿಕೆ ಇಲ್ಲ," ಎನ್ನುತ್ತಾರೆ.

ಸ್ಟೇರಿಂಗ್ ಹಿಡಿದು ಕೂತಾಗ ಇದ್ದಕ್ಕಿದ್ದಂತೆ ಎದೆ ಹಿಂಡುತ್ತಿತ್ತು. ಬೆರಳು ಜುಮುಗುಟ್ಟಿ ಉಸಿರು ಸಾಲುತ್ತಿರಲಿಲ್ಲ, ಈಗಲೇ ಸತ್ತೆ ಅನ್ನಿಸುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಹದಿನೇಳು ಸಲ ಆಸ್ಪತ್ರೆಗೆ ಬಂದರು. ಆರು ಇಸಿಜಿ, ಆರೂ ಸರಿ. ಹೆಂಡತಿ ಮಾರುಕಟ್ಟೆಯ ಮಾಟಗಾತಿಯ ಹತ್ತಿರ ಕರೆದುಕೊಂಡು ಹೋಗಿ ಮೈಮೇಲೆ ಮೊಟ್ಟೆ ನಿವಾಳಿಸಿದ್ದೂ ಆಯಿತು. "ಮೂರು ದಿನ ಚೆನ್ನಾಗಿದ್ದೆ. ಆಸ್ಪತ್ರೆ ಔಷಧೀಲಿ ಎರಡೇ ದಿನ," ಎಂದು ನಗುತ್ತಾರೆ.

ಆಗ ನಗುವ ಹಾಗಿರಲಿಲ್ಲ. ಹೃದಯದ ಡಾಕ್ಟರು ಕೀಟೊ ನಗರಕ್ಕೆ ಕಳಿಸಿ, ತೊಡೆಯಿಂದ ಹೃದಯಕ್ಕೆ ನಳಿಕೆ ತೂರಿಸಿ ನೋಡುವ ಪರೀಕ್ಷೆಗೆ ಬರೆದಿದ್ದರು. ಹೃದಯದ ಕಾಯಿಲೆ ಎಂದು ಕಾಗದದಲ್ಲಿ ಬಂದರೆ ಬಸ್ಸಿನವರ ಸಂಘ ಅವರನ್ನು ಡ್ರೈವರ್ ಸೀಟಿನಿಂದ ಇಳಿಸುವುದು ಖಂಡಿತ. ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಆ ಕಾಗದಗಳನ್ನು ತೆಗೆದುಕೊಂಡು ಹೋಗಲು ಎಫ್ರೈನ್ ದಾಖಲೆ ಕೋಣೆಯ ಕಿಟಕಿಗೆ ಬಂದರು. ಒಲಿಂಪಿಯಾ ಫೈಲಿನ ತಳದ ಹಾಳೆ ನೋಡಿದರು. ತುರ್ತು ವಿಭಾಗದ ಮೊದಲ ಚೀಟಿ. ಅದರ ಮೂಲೆಯಲ್ಲಿ ಯಾವುದೋ ನರ್ಸ್ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: 'ಕಲ್ಲು ಬಿದ್ದ ದಿನದಿಂದ ನಿದ್ದೆ ಇಲ್ಲ ಅನ್ನುತ್ತಾರೆ.' ಮುಂದಿನ ಹದಿನಾರು ಭೇಟಿಗಳಲ್ಲಿ ಆ ಮಾತನ್ನು ಯಾರೂ ಎತ್ತಿರಲಿಲ್ಲ.

"ದೊನ್ ಎಫ್ರೈನ್, ಕಲ್ಲು ಬಿದ್ದಿದ್ದು ಯಾವತ್ತು?"

"ಯಾವ ಕಲ್ಲು?"

"ನೀವೇ ಹೇಳಿದೀರಿ, ಇಲ್ಲಿ ಬರೆದಿದೆ."

ಎಫ್ರೈನ್ ಕಿಟಕಿಯ ಕಂಬಿ ಹಿಡಿದುಕೊಂಡರು. ಸುರಂಗ ದಾಟಿದ ತಿರುವಿನಲ್ಲಿ ಗುಡ್ಡ ಕುಸಿದು ಬಸ್ಸಿನ ಮುಂದೆ ಹತ್ತೇ ಹೆಜ್ಜೆ ದೂರದಲ್ಲಿ ಬಂಡೆ ಬಿದ್ದಿತ್ತು. ಮೂವತ್ತೆಂಟು ಜನ ಪ್ರಯಾಣಿಕರಿದ್ದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದರಿಂದ ಅದನ್ನು ಯಾರೂ ಅಪಘಾತ ಅನ್ನಲಿಲ್ಲ. ಮರುದಿನ ಅದೇ ದಾರಿಯಲ್ಲಿ ಬಸ್ ಓಡಿಸಿದರು.

"ಅದನ್ನ ಹೇಳ್ತಾ ಹೇಳ್ತಾ ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ," ಎನ್ನುತ್ತಾರೆ ಎಫ್ರೈನ್. "ಆಯಮ್ಮ ಹೊರಗೆ ಬಂದು ನನ್ನ ತೋಳು ಹಿಡಿದು ಎದುರಿನ ಬಾಗಿಲು ತಟ್ಟಿದ್ರು. ಡಾಕ್ಟರಮ್ಮ, ನಿಮಗೊಬ್ರು ಸಿಕ್ಕಿದ್ರು ಅಂದ್ರು."

ನಾರ್ಸಿಸಾ ಅವಸರ ಮಾಡಲಿಲ್ಲ. ಮೊದಲು ಹೃದಯದ ಡಾಕ್ಟರನ್ನು ಕಂಡು, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಪರೀಕ್ಷೆ ಮಾಡಿಸಿದರು. ಅದು ಸರಿ ಬಂದ ಮೇಲೆ ಕೀಟೊ ಪ್ರಯಾಣವನ್ನು ಮುಂದೂಡಲು ಆ ಡಾಕ್ಟರೇ ಒಪ್ಪಿದರು.

"ಟೆಸ್ಟೆಲ್ಲ ಸರಿ ಬಂತು ಅನ್ನೋ ಒಂದೇ ಕಾರಣಕ್ಕೆ ಇದು ಮನಸ್ಸಿನ ಕಾಯಿಲೆ ಅಂತ ಬರೆಯೋ ಹಾಗಿಲ್ಲ," ಎನ್ನುತ್ತಾರೆ ನಾರ್ಸಿಸಾ. "ಅದಕ್ಕೂ ಅದರದೇ ಗುರುತುಗಳಿರಬೇಕು. ಹಠಾತ್ತಾಗಿ ಬರಬೇಕು, ಹತ್ತು ನಿಮಿಷದಲ್ಲಿ ತುದಿ ಮುಟ್ಟಿ ಇಳೀಬೇಕು. ಮತ್ತೆ ಬಂದ್ಬಿಟ್ರೆ ಅನ್ನೋ ಭಯದಲ್ಲೇ ದಿನವೆಲ್ಲ ಹೋಗಬೇಕು. ದೊನ್ ಎಫ್ರೈನ್‌ಗೆ ಇವೆಲ್ಲ ಇದ್ದವು. ಅವರ ಎದೆನೋವು ಸುಳ್ಳಲ್ಲ, ನಿಜವಾಗಿಯೇ ನೋಯ್ತಿತ್ತು. ನಾವು ಹುಡುಕ್ತಿದ್ದ ಜಾಗದಲ್ಲಿ ಕಾರಣ ಇರಲಿಲ್ಲ, ಅಷ್ಟೇ."

ಚಿಕಿತ್ಸೆಗೆ ಹನ್ನೆರಡು ವಾರ ಹಿಡಿಯಿತು. ಮೊದಲು ಎಫ್ರೈನ್ ಆ ದಾರಿಯಲ್ಲಿ ಪ್ರಯಾಣಿಕರಾಗಿ ಹೋದರು. ಆಮೇಲೆ ಖಾಲಿ ಬಸ್ ಓಡಿಸಿದರು, ಪಕ್ಕದಲ್ಲಿ ಇನ್ನೊಬ್ಬ ಡ್ರೈವರ್. ಕೊನೆಗೆ ಜನರನ್ನು ಹತ್ತಿಸಿಕೊಂಡರು. ಈಗಲೂ ಓಡಿಸುತ್ತಾರೆ. "ವರ್ಷಕ್ಕೊಂದು ಸಲ ಬರುತ್ತೆ. ಟಿಕೆಟ್ ಇಲ್ದೆ ಹತ್ತೋ ಪ್ಯಾಸೆಂಜರ್ ಥರ. ಬಸ್ ಪಕ್ಕಕ್ಕೆ ನಿಲ್ಲಿಸ್ತೀನಿ, ಅದು ಇಳಿದು ಹೋಗುತ್ತೆ, ನಾನು ಮುಂದೆ ಹೋಗ್ತೀನಿ."

ಒಲಿಂಪಿಯಾರಿಗೆ ಇದಕ್ಕಾಗಿ ಸಿಕ್ಕಿದ್ದು ಲಿಖಿತ ಎಚ್ಚರಿಕೆ. ರೋಗಿಯ ಕಾಗದ ಓದುವ ಹಕ್ಕು ಗುಮಾಸ್ತರಿಗಿಲ್ಲ, ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು ಎಂದು ಆಡಳಿತಾಧಿಕಾರಿ ಬರೆದಿದ್ದರು.

"ಅವರು ಹೇಳಿದ್ದರಲ್ಲಿ ತಪ್ಪಿಲ್ಲ," ಎನ್ನುತ್ತಾರೆ ಒಲಿಂಪಿಯಾ. "ನನ್ನ ಕಾಗದ ಇನ್ಯಾರೋ ಓದಿದ್ರೆ ನಂಗೂ ಸಿಟ್ಟು ಬರ್ತಿತ್ತು. ಒಂದು ತಿಂಗಳು ಒಂದು ಫೈಲನ್ನೂ ತೆರೀಲಿಲ್ಲ. ಕೈ ತುರಿಸೋದು, ಜೇಬಲ್ಲಿ ಇಟ್ಕೊಳ್ತಿದ್ದೆ."

ಆ ತಿಂಗಳು ಮುಗಿಯುತ್ತಿದ್ದಂತೆ ಬಲ್ಬೀನಾ ಬಂದಳು. ಸಗಟು ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮಾರುವ ಹೆಂಗಸು, ನಲವತ್ತಾರು ವರ್ಷ. ಎದೆ ಡವಡವ, ಕೈ ನಡುಕ, ಬೆವರು. ಐದು ಭೇಟಿಗಳಾಗಿದ್ದವು. ಅವಳ ಫೈಲಿನ ಹೊರ ರಟ್ಟಿನ ಮೇಲೆ ಯಾರೋ ಕೆಂಪು ಪೆನ್ನಿನಲ್ಲಿ 'ನರದ ಕಾಟದವಳು' ಎಂದು ಬರೆದಿದ್ದರು. ಅದನ್ನು ಓದಲು ಫೈಲು ತೆರೆಯಬೇಕಾಗಿರಲಿಲ್ಲ. ಮುಂದೆ ನೋಡಿದ ಡಾಕ್ಟರೆಲ್ಲ ಅದನ್ನೇ ಓದಿ ನಿದ್ದೆ ಮಾತ್ರೆ ಬರೆದರು.

ಒಲಿಂಪಿಯಾ ಅವಳನ್ನು ಕಿಟಕಿಯಲ್ಲಿ ಕಂಡರು. ಸ್ಕರ್ಟಿನ ಸೊಂಟಕ್ಕೆ ಪಿನ್ನು ಹಾಕಿ ಬಿಗಿ ಮಾಡಿಕೊಂಡಿದ್ದಳು.

"ಊಟ ಬಿಟ್ಟಿದೀಯೇನೇ, ಬಲ್ಬೀನಾ?"

"ಎಲ್ಲಿ ಬಿಟ್ಟೆ! ಮೂರು ಜನದ ಊಟ ತಿಂತೀನಿ. ಗಂಡ ಬೈತಾನೆ, ಮನೆ ಖಾಲಿ ಮಾಡ್ತೀಯ ಅಂತ."

ಒಲಿಂಪಿಯಾ ಜೇಬಿನಿಂದ ಕೈ ತೆಗೆದರು. ಪ್ರತಿ ಭೇಟಿಯಲ್ಲೂ ನರ್ಸುಗಳು ತೂಕ ಬರೆದಿದ್ದರು, ಆದರೆ ಬೇರೆ ಬೇರೆ ಹಾಳೆಗಳಲ್ಲಿ: ಅರವತ್ತೊಂದು, ಐವತ್ತೆಂಟು, ಐವತ್ತೈದು, ಐವತ್ಮೂರು, ಐವತ್ತು. ಐದನ್ನೂ ಒಂದು ಚೀಟಿಯಲ್ಲಿ ಸಾಲಾಗಿ ಬರೆದು ನಾರ್ಸಿಸಾರ ಮುಂದಿಟ್ಟರು. "ಇದು ನಿಮ್ಮದಲ್ಲ ಅನ್ಸುತ್ತೆ, ಡಾಕ್ಟರಮ್ಮ."

ಅದು ಥೈರಾಯ್ಡ್. ಇನ್ನು ಕೆಲವು ತಿಂಗಳು ಹಾಗೇ ಬಿಟ್ಟಿದ್ದರೆ ಹೃದಯಕ್ಕೆ ಪೆಟ್ಟಾಗುತ್ತಿತ್ತು ಎಂದು ನೋಡಿದ ಡಾಕ್ಟರು ಹೇಳಿದರು. ಬಲ್ಬೀನಾ ಈಗಲೂ ಆಲೂಗಡ್ಡೆ ಮಾರುತ್ತಾಳೆ. ತೂಕ ಅರವತ್ನಾಲ್ಕು, ಅದಕ್ಕೂ ಗಂಡ ಬೈಯುತ್ತಾನಂತೆ.

ಈ ಎರಡು ಫೈಲುಗಳನ್ನು ಹಿಡಿದು ನಾರ್ಸಿಸಾ ನಿರ್ದೇಶಕರ ಕೋಣೆಗೆ ಹೋದರು. ಒಂದು ನಿಯಮ ಬಂತು. ವರ್ಷದಲ್ಲಿ ಎಂಟಕ್ಕಿಂತ ಹೆಚ್ಚು ಸಲ ಬಂದೂ ಕಾಯಿಲೆಗೆ ಹೆಸರು ಸಿಗದವರ ಫೈಲನ್ನು, ರೋಗಿಯ ಒಪ್ಪಿಗೆ ಪಡೆದು, ಪ್ರತಿ ಗುರುವಾರ ಒಬ್ಬ ಫಿಸಿಶಿಯನ್ ಮತ್ತು ನಾರ್ಸಿಸಾ ಜೊತೆಗೆ ಕೂತು ಮೊದಲ ಹಾಳೆಯಿಂದ ಓದಬೇಕು. ಫೈಲು ಆರಿಸುವುದು ದಾಖಲೆ ಕೋಣೆಯ ಕೆಲಸ. ರಟ್ಟಿನ ಮೇಲೆ ಹೆಸರು, ನಂಬರು ಬಿಟ್ಟು ಬೇರೇನೂ ಬರೆಯುವಂತಿಲ್ಲ. ನಿಯಮದ ಕಾಗದದಲ್ಲಿ ಒಲಿಂಪಿಯಾ ಚಿಕೈಸಾ ಎಂಬ ಹೆಸರು ಎಲ್ಲೂ ಇಲ್ಲ. ಎಚ್ಚರಿಕೆಯ ಪತ್ರವನ್ನು ಯಾರೂ ವಾಪಸ್ ಪಡೆದಿಲ್ಲ.

ಕಳೆದ ವರ್ಷ ಅವರು ಆರಿಸಿದ್ದು ಅರವತ್ಮೂರು ಫೈಲು. ಅದರಲ್ಲಿ ಮೂವತ್ತೆಂಟು ಜನಕ್ಕೆ ಆತಂಕದ ಕಾಯಿಲೆ, ಇಲ್ಲವೇ ಮೈನೋವಿನ ಸುತ್ತಲೇ ಬದುಕು ಸುತ್ತುವಂತೆ ಮಾಡುವ ಮನಸ್ಸಿನ ತೊಂದರೆ ಇತ್ತು. ಹದಿನಾಲ್ಕು ಜನಕ್ಕೆ ಕಣ್ತಪ್ಪಿ ಹೋಗಿದ್ದ ದೇಹದ ಕಾಯಿಲೆ. ಉಳಿದ ಹನ್ನೊಂದು ಇನ್ನೂ ತೀರ್ಮಾನವಾಗಿಲ್ಲ. "ಗೊತ್ತಿಲ್ಲ ಅಂತ ಬರೆಯೋದನ್ನ ಕಲಿತಿದ್ದೀವಿ," ಎನ್ನುತ್ತಾರೆ ನಾರ್ಸಿಸಾ. "ಏನೂ ಇಲ್ಲ ಅಂತ ಬರೆಯೋದಕ್ಕಿಂತ ಅದು ವಾಸಿ."

ಬರುವ ವರ್ಷ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋಗುತ್ತವೆ. ದಾಖಲೆ ಕೋಣೆ ಮುಚ್ಚುತ್ತದೆ, ಒಲಿಂಪಿಯಾ ಡಿಸೆಂಬರಿಗೆ ನಿವೃತ್ತಿ. ಆ ಸುದ್ದಿ ಬಂದ ವಾರದಿಂದ ಅವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸತೊಡಗಿತು. ಬ್ರೆಡ್ಡು ನುಂಗಲು ಕಷ್ಟ. ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿದರು, ದಾರಿ ಸಲೀಸಾಗಿತ್ತು. ಎಂಟು ವಾರ ಬೇರೆ ಯಾರಿಗೂ ಹೇಳದೆ ಸೂಪು ಕುಡಿದುಕೊಂಡಿದ್ದರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವರು ಗೇಟಿನ ಸಾಲಿನಲ್ಲಿ ನಿಂತು ಟೋಕನ್ ತೆಗೆದುಕೊಂಡರು. ನಂಬರ್ ಇಪ್ಪತ್ತೇಳು. ತಮ್ಮ ಫೈಲನ್ನು ದಾಖಲೆ ಕೋಣೆಯಲ್ಲಿ ಜೊತೆಗೆ ಕೆಲಸ ಮಾಡುವವಳ ಕೈಲಿ ತೆಗೆಸಿ, ತೆರೆದು ನೋಡದೆ, ಎದುರಿನ ಬಾಗಿಲು ತಟ್ಟಿದರು.

"ಅರೆ, ದೊನ್ಯಾ ಒಲಿಂಪಿಯಾ! ಯಾರ ಫೈಲು ತಂದ್ರಿ?" ಎಂದರು ನಾರ್ಸಿಸಾ.

"ನೋಡಿ, ಹೊರಗೆ ಹೆಸರಿದೆ."

ನಾರ್ಸಿಸಾ ಹೆಸರು ಓದಿದರು. ಎದ್ದು ಬಾಗಿಲು ಹಾಕಿ ಬಂದು, ಮೊದಲ ಹಾಳೆ ತಿರುವಿ, ಗಂಟಲಲ್ಲಿ ಎಲ್ಲಿ ಸಿಕ್ಕಿದ ಹಾಗಿದೆ, ಯಾವಾಗಿಂದ ಎಂದು ಕೇಳಿದರು. ಆ ದಿನ ಒಲಿಂಪಿಯಾ ಐವತ್ತು ನಿಮಿಷ ಮಾತಾಡಿದರು. ಈಗ ಮಂಗಳವಾರಕ್ಕೊಮ್ಮೆ ಹೋಗುತ್ತಾರೆ. ಬ್ರೆಡ್ಡು ಹಾಲಿನಲ್ಲಿ ನೆನೆಸಿದರೆ ಇಳಿಯುತ್ತದೆ.

"ಅದು ನಿಜವಾದ ನೋವು, ನೀವು ಸುಳ್ಳು ಹೇಳ್ತಿಲ್ಲ ಅಂತ ಅವರು ಹೇಳಿದ್ರು," ಎನ್ನುತ್ತಾರೆ ಒಲಿಂಪಿಯಾ, ತಳ್ಳುಗಾಡಿಗೆ ಕೊನೆಯ ಕಟ್ಟು ಇಡುತ್ತ. "ನಂಗದು ಗೊತ್ತಿಲ್ವಾ? ಇಷ್ಟು ವರ್ಷ ಆ ಮಾತು ಬಾಗಿಲಾಚೆಯಿಂದ ಕೇಳಿದೀನಿ. ಆದ್ರೂ ಒಬ್ರು ನನ್ನ ಮುಖ ನೋಡಿ ಅದನ್ನ ಹೇಳ್ಬೇಕಿತ್ತು."